ಮಾರುವವನು ಸಿಕ್ಕಿದ, ರುಜು ಹಾಕುವವರು ಎಷ್ಟು ಮಂದಿ?

ಮೇ ತಿಂಗಳು ಬಂತೆಂದರೆ ಉಡುಪಿಗೆ ಮುಂಬಯಿ ಬಸ್ಸುಗಳ ಭರಾಟೆ. ಇಂದ್ರಾಳಿ ರೈಲು ನಿಲ್ದಾಣದಲ್ಲೂ ಅದೇ ಗೌಜಿ. ಮಕ್ಕಳಿಗೆ ರಜೆ, ಊರಿನಲ್ಲಿ ಮದುವೆ, ಮರದಲ್ಲಿ ಹಲಸು, ಮನೆಯಲ್ಲಿ ದೈವದ ಕೆಲಸ. ಮುಂಬಯಿಯವರು ಊರಿಗೆ ಬಂದರೆ ಮೂರು ಮಂದಿಗೆ ಖುಷಿ: ಅಂಗಡಿಯವನಿಗೆ, ರಿಕ್ಷಾದವನಿಗೆ, ಜಾಗದ ಬ್ರೋಕರಿಗೆ.

ಈಚಿನ ವರ್ಷಗಳಲ್ಲಿ ನಾಲ್ಕನೆಯವನೊಬ್ಬ ಸೇರಿಕೊಂಡಿದ್ದಾನೆ. ಇವನು ಬ್ರೋಕರ್ ಅಲ್ಲ, ಕಮಿಷನ್ ಕೇಳುವುದಿಲ್ಲ. ಕಿಸೆಯಲ್ಲಿ ಎಂಟೋ ಹತ್ತೋ ಲಕ್ಷ ಇಟ್ಟುಕೊಂಡು ಹಳೆಮನೆ, ಜಾಗ ಕೊಳ್ಳುವುದು. ಸ್ವಲ್ಪ ಕಾಲ ಬಿಟ್ಟು ಲಾಭಕ್ಕೆ ಮಾರುವುದು ಇವನ ಲೆಕ್ಕ. ಈ ವಿದ್ಯೆ ಮೊಬೈಲಿನಲ್ಲಿ ಕಲಿತದ್ದು. ಅಲ್ಲಿಯ ಗುರುಗಳ ಮೊದಲ ಪಾಠ ಒಂದೇ. ‘ಮಾರುವ ಮನಸ್ಸಿದ್ದವನನ್ನು ಹುಡುಕಬೇಡ, ಮಾರಲೇಬೇಕಾದವನನ್ನು ಹುಡುಕು. ಗರಜು ಅವನದ್ದಾದರೆ ಕ್ರಯ ನಿನ್ನದು.’

ಪಾಠ ಚೆನ್ನಾಗಿದೆ. ಆದರೆ ಆ ಗುರುಗಳು ನಮ್ಮ ಜಿಲ್ಲೆಯ ಒಂದು ಆರ್‌ಟಿಸಿಯನ್ನಾದರೂ ಬಿಡಿಸಿ ನೋಡಿದ್ದಾರೆಯೇ? ಸಂಶಯ!

ಕಟಪಾಡಿ ಕಡೆಯ ಒಬ್ಬ ಹುಡುಗನ ಕತೆ ಕೇಳಬೇಕು. ಹೆಸರು ಬೇಡ. ನಿಜ ಹೇಳುವುದಾದರೆ ಇದು ಒಬ್ಬನ ಕತೆಯೂ ಅಲ್ಲ. ಈ ವ್ಯವಹಾರಕ್ಕೆ ಇಳಿದವರಿಗೆ ಇಲ್ಲಿ ಆಗುವ ಅನುಭವಗಳನ್ನೆಲ್ಲ ಸೇರಿಸಿ ಒಬ್ಬನ ತಲೆಗೆ ಕಟ್ಟಿದ್ದು. ಇವನು ದುಬೈಯಲ್ಲಿ ಏಳು ವರ್ಷ ಸೂಪರ್ ಮಾರ್ಕೆಟ್ಟಿನಲ್ಲಿ ದುಡಿದು, 2020ರ ಕೊರೊನಾ ಕಾಲದಲ್ಲಿ ಊರಿಗೆ ಬಂದವನು. ಕೈಯಲ್ಲಿ 9 ಲಕ್ಷ. ಮತ್ತೆ ವಿಮಾನ ಹತ್ತುವ ಮನಸ್ಸಿಲ್ಲ. ‘ಜಾಗದಲ್ಲಿ ಹಾಕಿದ ದುಡ್ಡು ಎಲ್ಲಿಗೂ ಹೋಗುವುದಿಲ್ಲ’ ಎಂದು ಬಾವ ಹೇಳಿದ. ಅಲ್ಲಿಗೆ ಶುರು.

ಗರಜಿನವರು ಎಲ್ಲೆಲ್ಲಿ?

ಹುಡುಗ ಮೊದಲು ಮಾಡಿದ್ದು ಸ್ಕೂಟರಿಗೆ ಪೆಟ್ರೋಲು ಹಾಕಿ ಸುತ್ತಿದ್ದು. ಸುತ್ತಿದರೆ ಗೊತ್ತಾಗುತ್ತದೆ, ಈ ಜಿಲ್ಲೆಯಲ್ಲಿ ಮಾರಲೇಬೇಕಾದವರು ಒಂದೊಂದು ಕಡೆ ಒಂದೊಂದು ಥರ.

ಮಣಿಪಾಲದಲ್ಲಿ ಕಾಲೇಜಿನ ಕ್ಯಾಲೆಂಡರೇ ಮಾರಾಟದ ಕ್ಯಾಲೆಂಡರ್. ಡಾ. ಟಿ.ಎಂ.ಎ. ಪೈಗಳು 1953ರಲ್ಲಿ ಬೋಳುಗುಡ್ಡದ ಮೇಲೆ ಮೆಡಿಕಲ್ ಕಾಲೇಜು ತೆರೆದರು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಬಂತು. ಈಗ ಗುಡ್ಡ ಕಾಣುವುದಿಲ್ಲ, ಫ್ಲಾಟುಗಳು ಕಾಣುತ್ತವೆ. ಮಗಳೋ ಮಗನೋ ಓದುವಷ್ಟು ಕಾಲ ಹಾಸ್ಟೆಲ್ ಯಾಕೆ, ಬಾಡಿಗೆ ಯಾಕೆ ಎಂದು ಪರವೂರಿನ ತಂದೆತಾಯಿ ಫ್ಲಾಟು ಕೊಳ್ಳುತ್ತಾರೆ. ಇಂಜಿನಿಯರಿಂಗಿಗೆ ನಾಲ್ಕು ವರ್ಷ; ಎಂಬಿಬಿಎಸ್‌ಗೆ ನಾಲ್ಕೂವರೆ, ಮೇಲೊಂದು ವರ್ಷ ಇಂಟರ್ನ್‌ಶಿಪ್. ಮಗು ಕೋರ್ಸ್ ಮುಗಿಸಿ ಹೋಯಿತು. ಇನ್ನು ದಿಲ್ಲಿಯಲ್ಲೋ ದುಬೈಯಲ್ಲೋ ಕೂತವರಿಗೆ ಇಲ್ಲಿಯ ಫ್ಲಾಟಿನ ಮೆಯಿಂಟೆನೆನ್ಸ್, ತೆರಿಗೆ, ಬಾಡಿಗೆಯವರ ತಕರಾರು ಯಾಕೆ ಬೇಕು? ಇಂಥವರು ಹೆಚ್ಚು ಚೌಕಾಸಿ ಮಾಡುವುದಿಲ್ಲ. ಅವರು ಯಾರೆಂದು ವಾಚ್‌ಮನ್‌ಗೆ ಗೊತ್ತು, ಅಸೋಸಿಯೇಶನ್ ಕಾರ್ಯದರ್ಶಿಗೆ ಗೊತ್ತು. ಎಷ್ಟು ತಿಂಗಳ ಮೆಯಿಂಟೆನೆನ್ಸ್ ಬಾಕಿ, ಪಾರ್ಕಿಂಗ್ ಪತ್ರದಲ್ಲಿದೆಯೋ ಬಾಯಿಮಾತಿನಲ್ಲಿದೆಯೋ, ಕಟ್ಟಡಕ್ಕೆ ಕಂಪ್ಲೀಶನ್ ಸರ್ಟಿಫಿಕೇಟ್ ಸಿಕ್ಕಿದೆಯೋ ಎಂಬ ಮೂರನ್ನು ಕೇಳದೆ ಮುಂಗಡ ಕೊಟ್ಟವನು ಮತ್ತೆ ಕೈಕೈ ಹಿಸುಕಿಕೊಳ್ಳಬೇಕು.

ಕಾಪುವಿನಲ್ಲಿ ಬೇರೆ ಕತೆ. 1901ರ ದೀಪಸ್ತಂಭದ ಬುಡದಲ್ಲಿ ನಿಂತು ‘ಸಮುದ್ರ ಕಾಣುವ ಜಾಗ, ಅರ್ಜೆಂಟು, ಕಡಿಮೆಗೆ ಉಂಟು’ ಎಂದು ಯಾರಾದರೂ ಹೇಳಿದರೆ ಹೊಸಬನ ಕಣ್ಣು ಅರಳುತ್ತದೆ. ಕಡಿಮೆ ಯಾಕೆ ಎಂದು ಕೇಳುವುದಿಲ್ಲ. ಭರತದ ಗೆರೆಯಿಂದ ಮೇಲೆ 500 ಮೀಟರ್ ವರೆಗೆ ಕರಾವಳಿ ನಿಯಂತ್ರಣ ವಲಯದ ಕಾನೂನು. ಇದು 1991ರಲ್ಲಿ ಬಂದದ್ದು. 2011ರಲ್ಲಿ, 2019ರಲ್ಲಿ ತಿದ್ದಿಕೊಂಡು ಬಂದದ್ದು. ಎಲ್ಲಿ ಕಟ್ಟಬಹುದು, ಎಲ್ಲಿ ಕಟ್ಟಬಾರದು ಎಂಬುದು ನಕ್ಷೆಯಲ್ಲಿದೆ. ಉಬ್ಬರದ ನೀರು ಬರುವ ಹೊಳೆಯ ಬದಿಗೂ ಈ ಕಾನೂನು ಉಂಟು. ಹೆದ್ದಾರಿ ಬದಿಯ ಜಾಗವಾದರೆ ಸ್ವಾಧೀನಕ್ಕೆ ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಅಳೆಸಿ ನೋಡಬೇಕು. ಅಂಥ ಜಾಗದವನಿಗೆ ಮಾರುವ ಗರಜು ಇರುವುದು ನಿಜ. ಆದರೆ ಆ ಗರಜು ನಾಳೆ ಕೊಂಡವನ ಕೊರಳಿಗೇ ಬರುವಂಥದು!

ಉಡುಪಿ ಪೇಟೆಯಲ್ಲಿ ಮೂಲಗೇಣಿ. ಮನೆ ಇವರದ್ದು, ಮೂರು ತಲೆಮಾರಿನಿಂದ ವಾಸ ಇವರದ್ದು, ನೆಲದ ಮೂಲಹಕ್ಕು ಮಾತ್ರ ಮಠದ್ದೋ ದೇವಸ್ಥಾನದ್ದೋ ಹಳೆಯ ಧನಿಗಳದ್ದೋ. ಮೂಲಗೇಣಿದಾರರಿಗೆ ಮಾಲಕತ್ವ ಕೊಡುವ ಕಾನೂನನ್ನೇ ಸರಕಾರ 2011ರಲ್ಲಿ ತಂದಿತು. ಕಾನೂನು ಬಂದ ಮಾತ್ರಕ್ಕೆ ಕಾಗದ ಬದಲಾಗುವುದಿಲ್ಲ. ಮಾರುವವನ ಕೈಯಲ್ಲಿರುವುದು ಪೂರ್ತಿ ಹಕ್ಕೋ ಮೂಲಗೇಣಿ ಹಕ್ಕೋ ಎಂದು ಪತ್ರ ಓದಿಯೇ ತಿಳಿಯಬೇಕು.

ಇನ್ನು ಬ್ಯಾಂಕಿನ ಹರಾಜು. 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು ಮೊದಲು 60 ದಿನಗಳ ನೋಟೀಸು ಕೊಡಬೇಕು. ಮತ್ತೆ ಸ್ವಾಧೀನ, ಮತ್ತೆ ಹರಾಜಿಗೆ 30 ದಿನಗಳ ಪ್ರಕಟಣೆ. ಪ್ರಕಟಣೆ ಪೇಪರಿನಲ್ಲಿ ಬರುತ್ತದೆ, ಯಾರೂ ಓದಬಹುದು. ಹರಾಜಿನಲ್ಲಿ ಕೊಂಡರೆ ‘ಇದ್ದ ಹಾಗೆ’ ತೆಗೆದುಕೊಳ್ಳಬೇಕು. ಒಳಗೆ ಬಾಡಿಗೆಯವ ಕೂತಿದ್ದರೆ ಅವನೂ ಸೇರಿ! ಹರಾಜಿನ ಮೊದಲೇ ಮನೆಯವನೇ ಮಾರಿ ಸಾಲ ತೀರಿಸಿದರೆ ಅವನ ಮಾನವೂ ಉಳಿಯುತ್ತದೆ, ನಾಲ್ಕು ಕಾಸೂ ಉಳಿಯುತ್ತದೆ. ಆದರೆ ಹಣವನ್ನು ಅವನ ಕೈಗೆ ಕೊಡುವುದಲ್ಲ. ಬ್ಯಾಂಕಿನವರ ಎದುರೇ ಸಾಲದ ಖಾತೆಗೆ ಕಟ್ಟಿ, ಮೂಲಪತ್ರ ಬಿಡಿಸಿಕೊಳ್ಳುವುದು ಕ್ರಮ.

ಕಾರ್ಕಳದ ಕಡೆ ಹೋದರೆ ಬೀಗ ಹಾಕಿದ ಮನೆಗಳು. ಹೆಂಚಿನ ಮಾಡು, ಒರಲೆ ಹಿಡಿದ ಪಕ್ಕಾಸು, ಅಂಗಳದಲ್ಲಿ ಮೊಣಕಾಲೆತ್ತರ ಹುಲ್ಲು. ನಾಗರಪಂಚಮಿಗೊಮ್ಮೆ, ಮೇ ತಿಂಗಳಿಗೊಮ್ಮೆ ಬಾಗಿಲು ತೆರೆಯುತ್ತದೆ. ಇಂಥ ಮನೆ ಯಾರದ್ದೆಂದು ಪಂಚಾಯತಿನ ಪುಸ್ತಕಕ್ಕಿಂತ ತೆಂಗಿನಕಾಯಿ ಕೀಳುವವನಿಗೆ ಹೆಚ್ಚು ಗೊತ್ತು. ಕಾಯಿಯ ದುಡ್ಡು ಯಾರಿಗೆ ಕಳಿಸುತ್ತಾನೆ, ಯಾವ ವರ್ಷದಿಂದ ‘ನೀನೇ ಇಟ್ಟುಕೋ ಮಾರಾಯ’ ಎಂದರು, ಯಾರೊಂದಿಗೆ ಯಾರು ಮಾತು ಬಿಟ್ಟಿದ್ದಾರೆ ಎಲ್ಲ ಅವನಿಗೆ ಬಾಯಿಪಾಠ. ‘ನೀನೇ ಇಟ್ಟುಕೋ’ ಎಂದ ವರ್ಷವೇ ಆ ಮನೆ ಮಾರಾಟಕ್ಕೆ ಬಂದ ವರ್ಷ ಎಂದು ತಿಳಿಯಬೇಕು.

ಹುಡುಗನಿಗೆ ಮನೆ ಸಿಕ್ಕಿದ್ದು ಇಂಥ ಒಬ್ಬ ಕಾಯಿ ಕೀಳುವವನಿಂದಲೇ. ಬೆಳ್ಮಣ್ ಕಳೆದು ಒಳದಾರಿ. 32 ಸೆಂಟ್ಸ್, ಹೆಂಚಿನ ಮನೆ, ಬಾವಿ, ಹನ್ನೊಂದು ತೆಂಗು.

‘ನೀವು ಮುಗಿಸಿ ಮಾರಾಯ್ರೆ!’

ಮೇ ತಿಂಗಳಲ್ಲಿ ಮುಂಬಯಿಯ ಅಣ್ಣ ಬಂದರು. ಅಂಧೇರಿಯಲ್ಲಿ ಕ್ಯಾಂಟೀನು ನಡೆಸಿದವರು, ಈಗ ವಯಸ್ಸು ಅರವತ್ತೆರಡು, ಮೊಣಕಾಲು ನೋವು, ಕ್ಯಾಂಟೀನು ಮಗನ ಕೈಗೆ. ಮಗನಿಗೆ ಊರು ಬೇಡ. ‘ನೀವು ಮುಗಿಸಿ ಮಾರಾಯ್ರೆ. ನಮಗೆ ಇಲ್ಲಿ ಎಂಥ ಉಂಟು? 18 ಕೊಟ್ಟರೆ ಸೈ. ಆದರೆ ನಾನು ಹೋಗುವ ಮೊದಲು’ ಎಂದರು.

ನೆರೆಕರೆಯಲ್ಲಿ ವಿಚಾರಿಸಿದರೆ 25 ಲಕ್ಷದ ಮಾತು. ಇಲ್ಲಿ 18! ಹುಡುಗನಿಗೆ ನಿದ್ದೆ ಬರಲಿಲ್ಲ. ಮೊಬೈಲಿನ ಗುರು ಹೇಳಿದ ಮನುಷ್ಯ ಸಾಕ್ಷಾತ್ ಎದುರು ನಿಂತಿದ್ದಾರೆ. ಮಾರನೆಯ ದಿನವೇ 100 ರೂಪಾಯಿಯ ಸ್ಟಾಂಪು ಪೇಪರು, ಎರಡು ಸಾಕ್ಷಿ, 1.5 ಲಕ್ಷ ನಗದು ಮುಂಗಡ. ಅಣ್ಣ ರುಜು ಹಾಕಿ ರೈಲು ಹತ್ತಿದರು.

ಇಲ್ಲಿ ಎರಡು ತಪ್ಪು ಒಟ್ಟಿಗೆ ಆದವು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ. 2015ರಿಂದ ಆದಾಯ ತೆರಿಗೆಯವರ ಕಟ್ಟುನಿಟ್ಟು. ಪಡೆದವನಿಗೆ ಪಡೆದಷ್ಟೇ ದಂಡ. ಎರಡನೆಯದು ಇದಕ್ಕಿಂತ ದೊಡ್ಡದು. ರುಜು ಹಾಕಿದವರ ಹೆಸರು ಆರ್‌ಟಿಸಿಯಲ್ಲಿ ಇರಲೇ ಇಲ್ಲ!

ಆರ್‌ಟಿಸಿಯಲ್ಲಿ ಇದ್ದದ್ದು ಅವರ ಮಾವನ, ಅಂದರೆ ತಾಯಿಯ ಅಣ್ಣನ ಹೆಸರು. ಅವರು ತೀರಿಹೋಗಿ ವರ್ಷಗಳೇ ಆಗಿವೆ.

ಒಂದು ಮನೆ, ಒಂಬತ್ತು ರುಜು

ಇದು ಹೇಗೆ ಆಗುತ್ತದೆ ಎಂದು ಬೇರೆ ಜಿಲ್ಲೆಯವರು ಕೇಳಬಹುದು. ಇಲ್ಲಿಯವರಿಗೆ ಹೇಳುವುದು ಬೇಡ. ಅಳಿಯಸಂತಾನದ ಕುಟುಂಬ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ, ಯಜಮಾನಿಕೆ ಮಾವನದ್ದು. 1949ರ ಅಳಿಯಸಂತಾನ ಕಾಯಿದೆ ಪಾಲಿಗೆ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಮಾವನ ಪಾಲು ಮಾವನ ಹೆಂಡತಿ ಮಕ್ಕಳಿಗೂ ಹೋಗುವಂತಾಯಿತು. ಅದರ ಮೇಲೆ ಬಂತು ಭೂಸುಧಾರಣೆ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರಕಾರಕ್ಕೆ ಸೇರಿ, ಉಳುವವನು ಡಿಕ್ಲರೇಶನ್ ಕೊಟ್ಟು ಒಡೆಯನಾದ. ದೇವರಾಜ ಅರಸರ ಕಾಲದ ಆ ಕಾನೂನಿನಿಂದ ಈ ಜಿಲ್ಲೆಯಲ್ಲಿ ಸಾವಿರಾರು ಚಾಲಗೇಣಿ ಒಕ್ಕಲುಗಳು ತಲೆ ಎತ್ತಿ ನಿಂತವು. ಅದು ಮರೆಯುವ ಮಾತಲ್ಲ.

ಆದರೆ ಡಿಕ್ಲರೇಶನ್ ಕೊಟ್ಟದ್ದು ಯಾರು? ಮನೆಯಲ್ಲಿ ನಾಲ್ಕು ಅಕ್ಷರ ಬಲ್ಲವನು, ತಾಲೂಕು ಕಚೇರಿಗೆ ಹೋಗಿ ಬರಬಲ್ಲವನು. ಅಂದರೆ ಮಾವ. ಗದ್ದೆಗೆ ಇಳಿದದ್ದು ಎಲ್ಲರೂ. ಟ್ರಿಬ್ಯೂನಲ್ಲಿನ ಆದೇಶದಲ್ಲಿ ಬಂದದ್ದು ಒಬ್ಬನ ಹೆಸರು. ಆ ಹೆಸರು ಅವನೊಬ್ಬನದ್ದೋ, ಕುಟುಂಬದ ಪರವಾಗಿಯೋ? ಈ ಒಂದು ಪ್ರಶ್ನೆಯ ಮೇಲೆ ಕೋರ್ಟುಗಳಲ್ಲಿ ಎಷ್ಟೋ ವಕೀಲರ ಮಕ್ಕಳು ಓದಿ ದೊಡ್ಡವರಾಗಿದ್ದಾರೆ.

ಹುಡುಗ ಉಡುಪಿಯ ಒಬ್ಬ ವಕೀಲರ ಕಚೇರಿಗೆ ಕಾಗದ ಹಿಡಿದು ಹೋದ. ಮುಂಗಡ ಕೊಟ್ಟ ಮೇಲೆ! ವಕೀಲರು ಕನ್ನಡಕ ತೆಗೆದು ಲೆಕ್ಕ ಹಾಕಿದರು. ಮಾವನ ಹೆಂಡತಿ, ಇಬ್ಬರು ಮಕ್ಕಳು: ಮೂರು. ಸೊಸೆಯಂದಿರು ಅಳಿಯಂದಿರು ಸೇರಿ ಐದು ಮಂದಿ. ಮುಂಬಯಿಯ ಅಣ್ಣ, ಬಹರೈನಿನ ತಮ್ಮ, ಮನೆಯಲ್ಲೇ ಇರುವ ದೊಡ್ಡಕ್ಕ, ಶಿರ್ವದ ಅಕ್ಕ, ತೀರಿಹೋದ ಚಿಕ್ಕ ತಂಗಿ. ಚಿಕ್ಕ ತಂಗಿಗೆ ಇಬ್ಬರು ಮಕ್ಕಳು. ಅಲ್ಲಿಗೆ ನಾಲ್ಕೂ ಎರಡೂ ಆರು. ಆರೂ ಮೂರೂ ಒಂಬತ್ತು. ಒಂಬತ್ತರಲ್ಲಿ ಒಬ್ಬನಿಗೆ ಹದಿನೇಳು ವರ್ಷ!

ಅಪ್ರಾಪ್ತನ ಪಾಲನ್ನು ತಂದೆ ಮಾರಬೇಕಾದರೂ ಕೋರ್ಟಿನ ಅನುಮತಿ ಬೇಕು. ಬಹರೈನಿನಲ್ಲಿ ಇರುವವರು ಬಾರದಿದ್ದರೆ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಬರಬೇಕು. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಕಟ್ಟಬೇಕು. ಹೊರದೇಶದ ನಿವಾಸಿಯ ಪಾಲಿನ ಹಣ ಕೊಡುವಾಗ ತೆರಿಗೆ ಹಿಡಿದು ಸರಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವನದ್ದು. ಊರಿನವರಿಂದ ಕೊಂಡರೆ ಇರುವ 50 ಲಕ್ಷದ ಮಿತಿ ಇಲ್ಲಿ ನಡೆಯುವುದಿಲ್ಲ.

‘ಜಿಪಿಎ ಮಾಡಿಕೊಂಡು ಮುಗಿಸಿಬಿಡಿ’ ಎಂದು ಸಲಹೆ ಕೊಡುವವರಿಗೆ ಬರಗಾಲವಿಲ್ಲ. ಬರೀ ಪವರ್ ಆಫ್ ಅಟಾರ್ನಿಯಿಂದ ಜಾಗದ ಒಡೆತನ ಬದಲಾಗುವುದಿಲ್ಲ, ನೋಂದಾಯಿತ ಕ್ರಯಪತ್ರವೇ ಬೇಕು ಎಂದು ಸುಪ್ರೀಂ ಕೋರ್ಟು 2011ರಲ್ಲೇ ಖಂಡತುಂಡವಾಗಿ ಹೇಳಿದೆ. ಹೆಣ್ಣುಮಕ್ಕಳ ರುಜು ಯಾಕೆ ಎಂದು ಕೇಳುವವರೂ ಉಂಟು. ಮಕ್ಕಳಕಟ್ಟಿನವರಲ್ಲೂ 2005ರ ತಿದ್ದುಪಡಿಯ ನಂತರ ಮಗಳು ಮಗನಷ್ಟೇ ಹಕ್ಕುದಾರಳು. ಆ ದಿನ ತಂದೆ ಬದುಕಿರಬೇಕೆಂದೂ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ‘ಅವಳಿಗೆ ಮದುವೆಯಲ್ಲಿ ಕೊಟ್ಟಾಗಿದೆ’ ಎಂಬ ಮಾತು ಚಾವಡಿಯಲ್ಲಿ ನಡೆದೀತು, ರಿಜಿಸ್ಟ್ರಾರರ ಮೇಜಿನ ಮೇಲೆ ನಡೆಯದು.

ಕುಮ್ಕಿಯೂ ನಾಗಬನವೂ

ಹುಡುಗ ಎರಡನೆಯ ಸಲ ಜಾಗ ನೋಡಲು ಹೋದದ್ದು ಸರ್ವೆಯವರ ಜೊತೆ. ಮೊದಲ ಸಲ ಅಣ್ಣ ಕೈ ಬೀಸಿ ‘ಅಲ್ಲಿಂದ ಅಲ್ಲಿವರೆಗೆ’ ಎಂದಿದ್ದರು. ಚೈನು ಹಿಡಿದರೆ ಹಿಂದಿನ ಗುಡ್ಡ, ಗೇರುಮರಗಳು ಇರುವ ಭಾಗ, ವರ್ಗ ಜಾಗದಲ್ಲಿ ಬರಲೇ ಇಲ್ಲ. ಅದು ಕುಮ್ಕಿ. ವರ್ಗದಾರನಿಗೆ ಸೊಪ್ಪು ಸೌದೆಗೆ ಬಿಟ್ಟ ಸರಕಾರಿ ನೆಲ. ಅನುಭವಿಸುವ ಹಕ್ಕುಂಟು, ಮಾರುವ ಹಕ್ಕಿಲ್ಲ. ನಮ್ಮ ಕರಾವಳಿಯಲ್ಲಿ ಎರಡೆಕರೆ ಎಂದು ತೋರಿಸಿದ ಜಾಗ ಕಾಗದದಲ್ಲಿ ಒಂದೆಕರೆ ಆಗುವುದು ಹೀಗೆ.

ದರ್ಖಾಸ್ತು ಜಾಗ, ಅಕ್ರಮ ಸಕ್ರಮದ ಜಾಗವಾದರೆ ಮಂಜೂರಾತಿ ಆದೇಶವನ್ನೇ ಓದಬೇಕು. ಇಂತಿಷ್ಟು ವರ್ಷ ಮಾರಬಾರದೆಂಬ ಷರತ್ತು ಅಲ್ಲಿ ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ನೆಲಕ್ಕೆ 1978ರ ಕಾಯಿದೆಯ ರಕ್ಷೆ ಇದೆ. ಸರಕಾರದ ಅನುಮತಿ ಇಲ್ಲದೆ ಕೊಂಡರೆ ಜಾಗ ವಾಪಸು ಹೋಗುತ್ತದೆ, ಎಷ್ಟು ವರ್ಷ ಕಳೆದಿದ್ದರೂ ಕೇಳಬಹುದು ಎಂಬಂತೆ 2023ರಲ್ಲಿ ತಿದ್ದುಪಡಿಯೂ ಆಗಿದೆ. ಬಡವನ ಗರಜಿಗೆ ಕಾನೂನು ಹಾಕಿದ ಬೇಲಿ ಇದು. ಹಾರಿದವನ ಬಟ್ಟೆ ಹರಿಯುವುದು ನ್ಯಾಯವೇ.

ಹುಡುಗನ ಜಾಗಕ್ಕೆ ಈ ತೊಂದರೆ ಇರಲಿಲ್ಲ. ಇದ್ದದ್ದು ಬೇರೆ. ಮನೆಯ ಬಲಕ್ಕೆ, ದೂಪದ ಮರದ ಬುಡದಲ್ಲಿ ನಾಲ್ಕು ನಾಗನ ಕಲ್ಲು. ಶಿರ್ವದ ಅಕ್ಕ ಒಂದೇ ಮಾತು ಹೇಳಿದರು: ‘ಬನ ಕೊಟ್ಟು ನಾನು ರುಜು ಹಾಕುವುದಿಲ್ಲ. ಪಂಚಮಿಗೆ ತನು ಎರೆಯಲು ಯಾರ ಗೇಟಿನ ಎದುರು ನಿಲ್ಲುವುದು?’

ಇದಕ್ಕೆ ಯಾವ ಮೊಬೈಲ್ ಗುರುವಿನಲ್ಲಿ ಉತ್ತರ ಉಂಟು? ಇಲ್ಲಿ ಹಲವರು ಮಾಡುವ ಕ್ರಮವೆಂದರೆ ಬನವನ್ನೂ ಅದಕ್ಕೆ ಹೋಗುವ ದಾರಿಯನ್ನೂ ನಕ್ಷೆಯಲ್ಲೇ ಬೇರೆ ಮಾಡಿ ಕುಟುಂಬಕ್ಕೆ ಬಿಡುವುದು. ಬಾಯಿಮಾತಿನಲ್ಲಿ ಬಿಟ್ಟರೆ ಸಾಲದು. ಇವತ್ತು ಕೊಂಡವನು ಒಳ್ಳೆಯವನಿರಬಹುದು, ಅವನಿಂದ ಕೊಳ್ಳುವವನು ಆವರಣ ಗೋಡೆ ಕಟ್ಟಿದರೆ?

ಮಾರುವ ಗರಜಿಲ್ಲದ ದೊಡ್ಡಕ್ಕ

ಎಲ್ಲರ ರುಜು ಒಂದು ತೂಕ, ದೊಡ್ಡಕ್ಕನ ರುಜು ಒಂದು ತೂಕ.

ಇವರಿಗೆ ಎಪ್ಪತ್ತೊಂದು. ಗಂಡ ತೀರಿದ ಮೇಲೆ ತವರಿಗೆ ಬಂದವರು, ಮಕ್ಕಳಿಲ್ಲ. ತಾಯಿಯ ಕೊನೆಗಾಲ ನೋಡಿದವರು ಇವರು. ಬೀಗ ಹಾಕಿದ ಮನೆ ಎಂದು ಹೊರಗಿನವರು ತಿಳಿದುಕೊಂಡದ್ದು ಎದುರಿನ ಚಾವಡಿಯ ಬೀಗ ನೋಡಿ. ಹಿಂದಿನ ಅಡುಗೆಕೋಣೆಯಲ್ಲಿ, ಬಾವಿಯ ಬದಿಯ ಸಣ್ಣ ಕೋಣೆಯಲ್ಲಿ ಇವರ ಸಂಸಾರ. ಬೆಳಿಗ್ಗೆ ಬೀಡಿ ಕಟ್ಟುವುದು, ಸಂಜೆ ದೀಪ ಇಡುವುದು.

‘ಅಕ್ಕ ನಮ್ಮ ಒಟ್ಟಿಗೆ ಮುಂಬಯಿಗೆ ಬರ್ತಾರೆ’ ಎಂದು ಅಣ್ಣ ಹೇಳಿದ್ದರು. ಅಕ್ಕನನ್ನು ಯಾರೂ ಕೇಳಿರಲಿಲ್ಲ. ಹುಡುಗ ಕೇಳಿದ. ಅವರು ಅವನಿಗೆ ಒಂದು ಲೋಟ ಬೆಲ್ಲದ ಚಾ ಕೊಟ್ಟು, ‘ಮುಂಬಯಿಯಲ್ಲಿ ಒಂದು ಕೋಣೆಯಲ್ಲಿ ಐದು ಜನ ಮಗಾ. ನಾನು ಆರನೆಯವಳು. ಎಲ್ಲಿ ಮಲಗುವುದು?’ ಎಂದರು. ಅಷ್ಟೇ.

ಇಲ್ಲಿ ಹೊಸಬನ ಎದುರು ಎರಡು ದಾರಿ. ಒಂದು, ಅಣ್ಣ ತಮ್ಮಂದಿರ ಬಲದಿಂದ ಅಕ್ಕನ ಮೇಲೆ ಒತ್ತಡ ಹಾಕಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು. ಇದು ನಡೆಯುವುದಿಲ್ಲ ಎಂದಲ್ಲ, ನಡೆಯುತ್ತದೆ. ಆದರೆ 1872ರ ಕರಾರು ಕಾಯಿದೆಯಲ್ಲೇ ಇದೆ, ಅನುಚಿತ ಒತ್ತಡದಿಂದ ಪಡೆದ ಒಪ್ಪಿಗೆಯನ್ನು ಕೊಟ್ಟವರು ರದ್ದು ಮಾಡಿಸಬಹುದು. ಮಕ್ಕಳೋ ಬಂಧುಗಳೋ ನೋಡಿಕೊಳ್ಳುತ್ತೇವೆಂದು ದಾನಪತ್ರ ಬರೆಸಿಕೊಂಡು ಕೈಬಿಟ್ಟರೆ, 2007ರ ಹಿರಿಯ ನಾಗರಿಕರ ಕಾಯಿದೆಯಂತೆ ಆ ದಾನಪತ್ರವನ್ನೇ ರದ್ದು ಮಾಡಿಸಲು ಹಿರಿಯರಿಗೆ ದಾರಿ ಉಂಟು. ದಾನಪತ್ರದ ಬಲದಿಂದ ಮಾರುವ ಮಗನಿಂದ ಕೊಂಡವನು ಆ ತಾಯಿ ಎಲ್ಲಿದ್ದಾಳೆ, ಹೇಗಿದ್ದಾಳೆ ಎಂದು ಹೋಗಿ ನೋಡಿ ಬರಬೇಕು. ಅದು ಪುಣ್ಯದ ಮಾತಷ್ಟೇ ಅಲ್ಲ, ದುಡ್ಡಿನ ಮಾತೂ ಹೌದು.

ಎರಡನೆಯ ದಾರಿ ಹುಡುಗ ಹಿಡಿದದ್ದು. 32 ಸೆಂಟ್ಸಿನಲ್ಲಿ ಮನೆ, ಬಾವಿ, ನಾಗಬನ, ದಾರಿ ಸೇರಿ 7 ಸೆಂಟ್ಸ್ ದೊಡ್ಡಕ್ಕನ ಪಾಲಿಗೆ. ಬನಕ್ಕೆ ಕುಟುಂಬದವರೆಲ್ಲ ಬಂದುಹೋಗುವ ಹಕ್ಕು ಪತ್ರದಲ್ಲೇ ದಾಖಲು. ಉಳಿದ ಖಾಲಿ 25 ಸೆಂಟ್ಸ್ ಮಾತ್ರ ಹುಡುಗನಿಗೆ, ಸೆಂಟ್ಸಿಗೆ 80,000ದಂತೆ 20 ಲಕ್ಷಕ್ಕೆ. ಆ ಹಣ ಉಳಿದ ಎಂಟು ಮಂದಿಗೆ.

ಮುಂಬಯಿಯ ಅಣ್ಣನಿಗೆ ಸಿಟ್ಟು ಬಂತು. ‘ಮನೆ ಕೊಳ್ಳಲು ಬಂದವನು ಮನೆಯನ್ನೇ ಬಿಟ್ಟುಹೋಗುವುದುಂಟಾ?’ ಎಂದು ಫೋನಿನಲ್ಲಿ ಕೂಗಾಡಿದರು. ವಕೀಲರು ಶಾಂತವಾಗಿ ಹೇಳಿದರು: ‘ಅಕ್ಕ ದಾವೆ ಹಾಕಿದರೆ ಹತ್ತು ವರ್ಷ. ಹೀಗೆ ಮಾಡಿದರೆ ಒಂದು ವರ್ಷ. ನಿಮ್ಮ ಮೊಣಕಾಲಿಗೆ ಯಾವುದು ಅನುಕೂಲ?’ ಅಣ್ಣ ಆ ತಿಂಗಳು ಮಾತನಾಡಲಿಲ್ಲ. ಮುಂದಿನ ತಿಂಗಳು ಒಪ್ಪಿದರು.

ಹದಿನಾಲ್ಕು ತಿಂಗಳು

ಒಪ್ಪಿದ ಕೂಡಲೇ ಮುಗಿಯಿತೇ? ಈಗ ಶುರು. ಮೊದಲು ಹಳೆಯ ಸ್ಟಾಂಪು ಪೇಪರು ಹರಿದು, 1.5 ಲಕ್ಷ ವಾಪಸು ಬಂದು, ಎಲ್ಲರೂ ಸೇರಿದ ಹೊಸ ಕರಾರು, ಬ್ಯಾಂಕಿನ ಮೂಲಕ ಹೊಸ ಮುಂಗಡ. ಮಾವನ ಮರಣ ಪ್ರಮಾಣಪತ್ರ, ವಂಶವೃಕ್ಷ, ಪೌತಿ ಖಾತೆ. ಟ್ರಿಬ್ಯೂನಲ್ ಆದೇಶದ ನಕಲು. ಆದೇಶವಾಗಿ 15 ವರ್ಷ ಮಾರಬಾರದೆಂಬ ನಿಬಂಧನೆ ಕಳೆದಿದೆಯೇ ಎಂದು ತಾರೀಕು ನೋಡಿದ್ದು. ಜಾಗ ಒಡೆಯಲು 11ಇ ನಕ್ಷೆ. ಬಳಿಕ ಕುಟುಂಬದೊಳಗೆ ನೋಂದಾಯಿತ ಪಾಲುಪಟ್ಟಿ. ಹದಿನೇಳರ ಹುಡುಗನಿಗಾಗಿ ಕೋರ್ಟಿಗೆ ಹೋಗುವುದೋ ಕಾಯುವುದೋ ಎಂಬ ಚರ್ಚೆ. ಹೇಗೂ ಕಾಗದಕ್ಕೆ ಕಾಲ ಬೇಕು, ಹದಿನೆಂಟು ತುಂಬಲಿ ಎಂದು ಕಾದರು. ಬಹರೈನಿನ ಪವರ್ ಆಫ್ ಅಟಾರ್ನಿ ಒಮ್ಮೆ ತಪ್ಪು ಸರ್ವೆ ನಂಬರಿನಲ್ಲಿ ಬಂದು ಮರಳಿ ಹೋಯಿತು.

ಪೇಪರಿನಲ್ಲಿ ವಕೀಲರ ಪ್ರಕಟಣೆ ಕೊಟ್ಟದ್ದೂ ಆಯಿತು. ಋಣಭಾರ ಪತ್ರ ಈಗ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲೇ ಕೂತು ತೆಗೆಯಬಹುದು. ಆದರೆ ಕೋರ್ಟಿನಲ್ಲಿರುವ ದಾವೆಯಾಗಲಿ, ನೋಂದಣಿಯಾಗದ ವೀಲಾಗಲಿ ಅದರಲ್ಲಿ ಕಾಣಬೇಕೆಂದಿಲ್ಲ. ದಾವೆ ಇದ್ದಾಗ ಕೊಂಡರೆ ತೀರ್ಪು ಕೊಂಡವನಿಗೂ ಬಾಧಕ. ಹೆಸರು ಹಾಕಿ ಈ-ಕೋರ್ಟ್ ಜಾಲತಾಣದಲ್ಲಿ ಹುಡುಕುವುದು, ನೆರೆಕರೆಯಲ್ಲಿ ಕೇಳುವುದು, ಮೂಲಪತ್ರವನ್ನು ಕೈಯಲ್ಲಿ ಹಿಡಿದು ನೋಡುವುದು ಇವು ಬೇರೆಯೇ ಕೆಲಸ. ಜೆರಾಕ್ಸ್ ಮಾತ್ರ ತೋರಿಸಿದರೆ ಮೂಲ ಯಾವುದೋ ಸೊಸೈಟಿಯ ಕಪಾಟಿನಲ್ಲಿ ಇರಬಹುದು!

ಖರ್ಚಿನ ಲೆಕ್ಕವೂ ಹೊಸಬನಿಗೆ ಪಾಠವೇ. ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್, ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಒಟ್ಟು ಶೇ. 7.6ರ ಸುಮಾರು. 20 ಲಕ್ಷಕ್ಕೆ ಒಂದೂವರೆ ಲಕ್ಷ ಅಲ್ಲಿಗೇ ಹೋಯಿತು. ವಕೀಲರು, ಸರ್ವೆ, ಓಡಾಟ ಬೇರೆ. ಬಾವನ ಪಾಲುದಾರಿಕೆ ಇಲ್ಲದಿದ್ದರೆ 9 ಲಕ್ಷದವನು ಈ ನದಿ ದಾಟುತ್ತಿರಲಿಲ್ಲ. ಕೃಷಿಭೂಮಿಯನ್ನು ಕೃಷಿಕನಲ್ಲದವನೂ ಕೊಳ್ಳಬಹುದೆಂದು 2020ರಲ್ಲಿ ಕಾನೂನು ಸಡಿಲವಾಯಿತು, ಸರಿ. ಕೊಂಡ ಮೇಲೆ ಅಲ್ಲಿ ಮನೆ ನಿವೇಶನ ಮಾಡಬೇಕಾದರೆ ಪರಿವರ್ತನೆ, ಲೇಔಟ್ ಮಂಜೂರಾತಿ, ಪಂಚಾಯತಿನ ‘ನೈನ್ ಇಲೆವೆನ್’ ಎಲ್ಲ ಇದ್ದದ್ದೇ. 24 ತಿಂಗಳು ತುಂಬುವ ಮೊದಲು ಮಾರಿದರೆ ಲಾಭವನ್ನು ಅಲ್ಪಾವಧಿಯದ್ದೆಂದು ಲೆಕ್ಕ ಹಾಕಿ ತೆರಿಗೆ. ಇವತ್ತು ಕೊಂಡು ನಾಳೆ ಮಾರುವ ಮಾತು ಮೊಬೈಲಿನಲ್ಲಿ ಮಾತ್ರ.

ಅಂತೂ ಇಂತೂ ಹದಿನಾಲ್ಕು ತಿಂಗಳಿಗೆ ರಿಜಿಸ್ಟ್ರಿ. ದೊಡ್ಡಕ್ಕ ತನ್ನ ಹೆಸರನ್ನು ಕನ್ನಡದಲ್ಲಿ ಬರೆದರು, ನಿಧಾನಕ್ಕೆ. ಹಿಂದಿನ ಸಾಲಿನಲ್ಲಿ ಮುಂಬಯಿಯ ಅಣ್ಣ ಮೊಣಕಾಲು ಒತ್ತಿಕೊಂಡು ಕೂತಿದ್ದರು.

ಹೊಸಬರು ಗಮನಿಸಬೇಕಾದದ್ದು

ಗರಜಿನವರನ್ನು ಹುಡುಕುವುದು ತಪ್ಪಲ್ಲ. ಬೀಗ ಹಾಕಿದ ಮನೆ ಬಿದ್ದು ಹಾಳಾಗುವುದಕ್ಕಿಂತ ಯಾರಾದರೂ ಕೊಂಡು ದೀಪ ಹಚ್ಚುವುದು ಒಳ್ಳೆಯದೇ. ಆಸ್ಪತ್ರೆಯ ಬಿಲ್ಲಿಗೆ, ಬ್ಯಾಂಕಿನ ನೋಟೀಸಿಗೆ ಹೆದರಿ ಕೂತವನಿಗೆ ಮಾತಿನಂತೆ ಹಣ ಕೊಡುವ ಗಿರಾಕಿ ಸಿಕ್ಕಿದರೆ ಅದು ಉಪಕಾರವೇ. ಆದರೆ ಕ್ರಮ ತಪ್ಪಬಾರದು.

ಮೊದಲು ಆರ್‌ಟಿಸಿ ಅಥವಾ ಖಾತೆ ನೋಡುವುದು, ಮತ್ತೆ ಮನೆ ನೋಡುವುದು. ಮಾತನಾಡುವವನ ಹೆಸರು ಅಲ್ಲಿ ಇಲ್ಲದಿದ್ದರೆ ವಂಶವೃಕ್ಷ ಕೇಳುವುದು. ಹೆಣ್ಣುಮಕ್ಕಳ ಹೆಸರು ಬಿಟ್ಟ ವಂಶವೃಕ್ಷ ತಂದರೆ ಅಲ್ಲಿಗೇ ಕೈಮುಗಿಯುವುದು. ವಕೀಲರ ಫೀಸು ಮುಂಗಡದ ಮೊದಲು, ನಂತರ ಅಲ್ಲ. ಹಣ ಬ್ಯಾಂಕಿನ ಮೂಲಕ. ಗಡಿ ಸರ್ವೆಯವರ ಮೂಲಕ. ಬನ, ದಾರಿ, ಬಾವಿಯ ನೀರಿನ ಹಕ್ಕು ಕಾಗದದಲ್ಲಿ. ಮತ್ತೆ, ಆ ಮನೆಯಲ್ಲಿ ಮಾರುವ ಗರಜಿಲ್ಲದವರು ಯಾರಾದರೂ ಇದ್ದಾರೆಯೇ ಎಂದು ಹಿಂಬಾಗಿಲಿಗೂ ಹೋಗಿ ನೋಡುವುದು.

ಹುಡುಗನಿಗೆ ಈ ವ್ಯವಹಾರದಲ್ಲಿ ಗಂಟು ಕಟ್ಟುವಷ್ಟು ಲಾಭ ಬಂದಿಲ್ಲ. ಜಾಗ ಇನ್ನೂ ಅವನ ಮತ್ತು ಬಾವನ ಹೆಸರಿನಲ್ಲೇ ಇದೆ, ಪರಿವರ್ತನೆಗೆ ಅರ್ಜಿ ಬಿದ್ದಿದೆ. ಆದರೆ ಒಂದು ಬದಲಾವಣೆ ಆಗಿದೆ. ಅವನು ಈಗ ಸ್ಕೂಟರಿನಲ್ಲಿ ಸುತ್ತುವುದು ಕಡಿಮೆ. ಪಂಚಮಿಗೆ ಬನಕ್ಕೆ ಬಂದ ನೆಂಟರಲ್ಲಿ ಇಬ್ಬರು ತಮ್ಮ ತಮ್ಮ ಮನೆಯ ಕಾಗದದ ಕಟ್ಟು ಹಿಡಿದು ಅವನನ್ನೇ ಹುಡುಕಿಕೊಂಡು ಬಂದರು. ಅವನನ್ನು ತೋರಿಸಿಕೊಟ್ಟದ್ದು ದೊಡ್ಡಕ್ಕ.

ಅವನು ಕೇಳಿದ ಮೊದಲ ಪ್ರಶ್ನೆ: ‘ರುಜು ಹಾಕುವವರು ಒಟ್ಟು ಎಷ್ಟು ಮಂದಿ?’